ಮುಖದ ನರನೋವು ಕೆರಳದಂತೆ ದಿನ ಕಳೆಯುವುದು: ನನಗೆ ನೆರವಾದದ್ದು

ತಾಯಿಯವರಿಗೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ (ಮುಖದ ನರದ ನೋವು) ಎಂದು ವೈದ್ಯರು ಹೇಳಿದ್ದಾರೆ, ಕಾರ್ಬಮಜೆಪಿನ್ ಮಾತ್ರೆ ಶುರುವಾಗಿದೆ, ಆದರೂ ಹಲ್ಲುಜ್ಜಲು, ಊಟ ಮಾಡಲು ಹೆದರುತ್ತಾರೆ, ಮನೆಯಲ್ಲಿ ಏನು ಜಾಗ್ರತೆ ವಹಿಸಬೇಕು ಎಂದು ಕೇಳಿದ್ದೀರಿ. ನನಗೂ ಇದೇ ಕಾಯಿಲೆ, ಬಲಗೆನ್ನೆ ಮತ್ತು ಕೆಳದವಡೆಯಲ್ಲಿ. ಆ ಹೆದರಿಕೆ ಎಂಥದ್ದೆಂದು ಬಲ್ಲೆ. ಮನೆಯವರು ಯಾರೂ ಅದನ್ನು ಅತಿರೇಕವೆಂದು ತಳ್ಳಿಹಾಕದಂತೆ ನೋಡಿಕೊಳ್ಳಿ. ಅವರಿಗೆ ಮೊದಲು ಬೇಕಾಗಿರುವುದು ಅದೇ.

ಈ ನೋವು ಎಲ್ಲರಲ್ಲೂ ಒಂದೇ ಕಡೆಯಿಂದ ಏಳುವುದಿಲ್ಲ. ಮುಖದ ಸ್ಪರ್ಶವನ್ನು ತಿಳಿಸುವ ಟ್ರೈಜೆಮಿನಲ್ ನರಕ್ಕೆ ಮೂರು ಕವಲು: ಹಣೆ ಮತ್ತು ಕಣ್ಣಿಗೊಂದು, ಕೆನ್ನೆ ಮತ್ತು ಮೇಲ್ದವಡೆಗೊಂದು, ಕೆಳದವಡೆಗೊಂದು. ಬಹಳಷ್ಟು ಜನರಲ್ಲಿ ಮಿದುಳಿನ ಬುಡದ ಬಳಿ ರಕ್ತನಾಳವೊಂದು ನರವನ್ನು ಒತ್ತಿ ಅದರ ಹೊದಿಕೆ ಸವೆದಿರುತ್ತದೆ. ಅದಕ್ಕೇ ಹಗುರವಾದ ಸ್ಪರ್ಶವೂ ಕರೆಂಟ್ ಹೊಡೆದಂತೆ ಚಳುಕಾಗುತ್ತದೆ. ನನಗೆ ನೋವು ಕೆರಳುವ ಜಾಗ ಮೂಗಿನ ಹೊಳ್ಳೆಯ ಪಕ್ಕ. ಅಲ್ಲಿ ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಏನೂ ಆಗುವುದಿಲ್ಲ, ಕೂದಲೆಳೆ ಸೋಕಿದರೆ ಸಾಕು. ತಾಯಿಯವರ ಜಾಗ ಯಾವುದು, ಯಾವ ಹೊತ್ತಿನಲ್ಲಿ, ಏನು ಮಾಡುವಾಗ ಕೆರಳಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮಾತ್ರೆಯ ಪ್ರಮಾಣ ಹೊಂದಿಸಲು ವೈದ್ಯರಿಗೂ ಅದು ಬೇಕಾಗುತ್ತದೆ.

ಹಲ್ಲುಜ್ಜುವುದೇ ದೊಡ್ಡ ಸವಾಲು. ನಾನು ಬೆಳಗಿನ ಮಾತ್ರೆ ತೆಗೆದುಕೊಂಡು, ಅದು ಹಿಡಿಯುವವರೆಗೆ ಕಾಯುತ್ತೇನೆ. ಚಿಕ್ಕ ತಲೆಯ, ಮೆತ್ತನೆಯ ಎಳೆಗಳ ಮಕ್ಕಳ ಬ್ರಷ್ಷನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ನೋವಿಲ್ಲದ ಬದಿಯಿಂದ ಆರಂಭಿಸುತ್ತೇನೆ. ನೋವಿನ ಬದಿಯಲ್ಲಿ ಒಳಭಾಗ ಮೊದಲು, ತುಟಿಯ ಕಡೆಯ ವಸಡು ಕೊನೆಗೆ. ಇನ್ನೊಂದು ಸಂಗತಿ ತುಂಬಾ ಉಪಯೋಗಕ್ಕೆ ಬಂದಿದೆ: ಒಂದು ಚಳುಕು ಬಂದು ಹೋದ ಮೇಲೆ ನರ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆ ಬಿಡುವಿನಲ್ಲಿ ಉಳಿದದ್ದನ್ನು ಮುಗಿಸಿಬಿಡಬಹುದು. ಉಜ್ಜಲಾಗದ ದಿನ ಬಾಯಿ ಮುಕ್ಕಳಿಸಿದರೂ ಸಾಕು, ಆದರೆ ಪೂರ್ತಿ ಬಿಡುವುದು ಬೇಡ. ಹಲ್ಲು ಹುಳುಕಾದರೆ ಚಿಕಿತ್ಸೆಗೆ ಬಾಯಿ ತೆರೆದು ಕೂರುವುದು ಇದಕ್ಕಿಂತ ಕಷ್ಟ.

ಮುಖಕ್ಕೆ ನೀರು ಎರಚುವ ಬದಲು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಕೆರಳುವ ಜಾಗ ಬಿಟ್ಟು ಒರೆಸಿಕೊಳ್ಳಲಿ. ಊಟ ಮೆತ್ತಗಿರಲಿ, ತೀರಾ ಬಿಸಿಯೂ ತಣ್ಣಗೂ ಬೇಡ. ತುತ್ತು ಚಿಕ್ಕದಾಗಿರಲಿ. ಒಂದೇ ಸಲ ಹೊಟ್ಟೆ ತುಂಬಿಸಲು ಒತ್ತಾಯಿಸಬೇಡಿ, ಊಟದ ನಡುವೆ ಮಾತನಾಡಿಸಬೇಡಿ. ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಗಾಳಿಯ ವಿಷಯ: ಫ್ಯಾನ್, ಎ.ಸಿ., ಬಸ್ಸಿನ ಕಿಟಕಿ ಯಾವುದೂ ನೋವಿನ ಬದಿಗೆ ನೇರವಾಗಿ ಬೀಸಬಾರದು. ಹೊರಗೆ ಹೋಗುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಬಟ್ಟೆಯ ಉಜ್ಜಾಟವೇ ಕೆಟ್ಟದ್ದು. ಕೆನ್ನೆಗೆ ತಾಗದೆ ಮುಂದಕ್ಕೆ ಚಾಚಿದ ಟೋಪಿ ಮೇಲು. ಇದೇ ಕಾಯಿಲೆಯ ಪರಿಚಿತರೊಬ್ಬರು ಗಡ್ಡ ಬೋಳಿಸುವುದನ್ನೇ ಬಿಟ್ಟು, ಅಗತ್ಯವಿದ್ದಾಗ ಕತ್ತರಿಯಿಂದ ಕತ್ತರಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿದರೂ ಮಾತ್ರೆ ತಪ್ಪಿದರೆ ಪ್ರಯೋಜನವಿಲ್ಲ. ಹೊತ್ತಿಗೆ ಸರಿಯಾಗಿ ನುಂಗಬೇಕು, ಹೆಚ್ಚು ಕಡಿಮೆ ಮಾಡುವುದು ವೈದ್ಯರ ಮಾತಿನಂತೆಯೇ ಆಗಬೇಕು. ಮಾಮೂಲಿ ನೋವಿನ ಮಾತ್ರೆಗಳು ಈ ನೋವಿಗೆ ಸಾಮಾನ್ಯವಾಗಿ ನಾಟುವುದಿಲ್ಲ. ಕಾರ್ಬಮಜೆಪಿನ್ ಶುರುಮಾಡಿದಾಗ ತಲೆ ತಿರುಗುವುದು, ಮಂಪರು ಇರುತ್ತದೆ, ಆದ್ದರಿಂದ ರಾತ್ರಿ ಏಳುವಾಗ ಜೊತೆಗಿರಿ. ವಯಸ್ಸಾದವರಲ್ಲಿ ಗೊಂದಲ, ವಿಪರೀತ ಸುಸ್ತು ಕಂಡರೆ ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಬೇಕು. ಮೈಮೇಲೆ ಗಂದೆ ಎದ್ದರೆ, ಅದರಲ್ಲೂ ಜ್ವರ ಅಥವಾ ಬಾಯಿಹುಣ್ಣು ಜೊತೆಗಿದ್ದರೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತಿಂಗಳುಗಟ್ಟಲೆ ನೋವು ಮಾಯವಾಗುವುದೂ ಉಂಟು. ಆಗಲೂ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವಂತಿಲ್ಲ, ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ.

ಹಲ್ಲುನೋವೆಂದು ಭಾವಿಸಿ ಹಲ್ಲು ಕೀಳಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ. ದಂತವೈದ್ಯರ ಬಳಿ ಕೂರುವ ಮೊದಲೇ ಈ ಕಾಯಿಲೆಯ ಹೆಸರು ಹೇಳಿ. ಮುಖ ಮರಗಟ್ಟಿದರೆ, ಕಿವಿ ಮಂದವಾದರೆ, ನೋವು ಎರಡೂ ಬದಿಗೆ ಬಂದರೆ ನರರೋಗ ತಜ್ಞರನ್ನು ಮತ್ತೆ ಕಾಣಬೇಕು. ಮಾತ್ರೆ ಸಾಲದಾದಾಗ ರಕ್ತನಾಳವನ್ನು ನರದಿಂದ ಬೇರ್ಪಡಿಸುವ ಶಸ್ತ್ರಚಿಕಿತ್ಸೆಯೂ ಇದೆ, ಆ ಬಗ್ಗೆ ಈಗಲೇ ಒಮ್ಮೆ ಕೇಳಿಟ್ಟುಕೊಳ್ಳಿ.