ಹೊಸ ಸ್ಯಾಂಡರ್ ಕೆಟ್ಟಿದೆ, ಬಿಡಿಭಾಗ ಎಲ್ಲೂ ಸಿಗ್ತಿಲ್ಲ. ಸಹಾಯ ಬೇಕು

ನಮಸ್ಕಾರ. ಮರಗೆಲಸ ಗೊತ್ತಿರೋರು ದಯವಿಟ್ಟು ಹೇಳಿ.

ಹೊಸದಾಗಿ ತಗೊಂಡ, ಮರ ಉಜ್ಜಿ ನುಣುಪು ಮಾಡೋ 125 ಮಿ.ಮೀ. ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ಮರದಿಂದ ಎತ್ತಿದ ಕೂಡಲೇ ಪ್ಯಾಡ್ (ಸ್ಯಾಂಡ್ ಪೇಪರ್ ಅಂಟಿಸೋ ತಟ್ಟೆ) ಗಿರ‍್ರನೆ ಪೂರ್ತಿ ವೇಗದಲ್ಲಿ ತಿರುಗುತ್ತೆ. ಮತ್ತೆ ಇಟ್ಟರೆ ಸಾಗುವಾನಿ ಬಾಗಿಲ ಮೇಲೆ ಅರ್ಧಚಂದ್ರದ ಗೀರು. 180 ಗ್ರಿಟ್ಟಿನ ನುಣುಪು ಪೇಪರಲ್ಲಿ ಉಜ್ಜಿದ್ರೂ ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತೆ, ಹೊಟ್ಟೆ ಉರಿಯುತ್ತೆ.

ಪೇಪರ್ ಬದಲಿಸಿದೆ, ಸ್ಪೀಡ್ ಇಳಿಸಿದೆ, ಧೂಳು ಊದಿದೆ. ಪ್ಯಾಡ್ ಬಿಚ್ಚಿದ್ರೆ, ಅದರ ಬೆನ್ನಿಗೆ ಉಜ್ಜಿ ವೇಗ ತಡೆಯೋ ರಬ್ಬರ್ ಬ್ರೇಕ್ ರಿಂಗ್ ಒಂದು ಕಡೆ ಸೀಳಿದೆ. ಮರದ ಮೇಲಿಟ್ಟೇ ಸ್ವಿಚ್ ಹಾಕು ಅಂತ ಒಬ್ಬರು ಹೇಳಿದ್ರು. ಗೀರು ಕಮ್ಮಿಯಾಯ್ತು, ಆದ್ರೆ ಚೌಕಟ್ಟಿನ ಅಂಚಲ್ಲಿ ಅದು ಆಗೋ ಮಾತಲ್ಲ.

ಸರ್ವಿಸ್ ಸೆಂಟರ್‌ನವರು ರಿಂಗ್ ಬಂದಿಲ್ಲ, ಯಾವಾಗ ಬರುತ್ತೋ ಗೊತ್ತಿಲ್ಲ ಅಂತಾರೆ. ಅಂಗಡಿಯವರು ಬದಲಿ ಕೊಡೋಣ ಅಂದ್ರೆ ಆ ಮಾಡೆಲ್ಲೇ ಖಾಲಿ, ಕಾಯಿರಿ ಅಂತಾರೆ. ದುಡ್ಡು ವಾಪಸ್ ಮಾತೆತ್ತಿದ್ರೆ ಸುಮ್ಮನಾಗ್ತಾರೆ. ಗೃಹಪ್ರವೇಶ ಹತ್ತಿರ ಬಂತು, ಬಾಗಿಲು ಹಾಗೇ ನಿಂತಿದೆ.

ಬೇರೆ ಕಂಪನಿಯ ರಿಂಗ್ ನಾನೇ ಹಾಕಿಕೊಂಡ್ರೆ ವಾರಂಟಿ ಹೋಗುತ್ತಾ? ಅಥವಾ ಅದನ್ನ ಮುಟ್ಟದೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಹಣ ವಾಪಸ್ ಕೇಳೋದೇ ಸರಿಯಾ? ಇಂಥದ್ದು ಅನುಭವಿಸಿದವರು ಯಾವುದು ಮೊದಲು ಮಾಡಬೇಕು ತಿಳಿಸಿ.