‘ಹುಷಾರಿಲ್ಲ’ ಎಂಬ ಮಾತು ಎಲ್ಲಿಂದ ಬಂತು?

ಪ್ರಶ್ನೆ (ಮಂಡ್ಯ):
ನಮ್ಮ ಕಡೆ ಜ್ವರ ಬಂದರೆ ‘ಹುಷಾರಿಲ್ಲ’ ಎನ್ನುತ್ತೇವೆ. ರಸ್ತೆ ದಾಟುವ ಮಗುವಿಗೂ ‘ಹುಷಾರು’ ಎಂದೇ ಹೇಳುತ್ತೇವೆ. ಎಚ್ಚರಿಕೆಯ ಪದವೇ ಆರೋಗ್ಯದ ಪದವೂ ಆದದ್ದು ಹೇಗೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮೈಸೂರು):
ಇದರ ಮೂಲ ಪಾರಸಿಯ ‘ಹೋಶಿಯಾರ್’. ‘ಹೋಶ್’ ಎಂದರೆ ಪ್ರಜ್ಞೆ, ಅರಿವು, ಅದುಳ್ಳವನು ಹೋಶಿಯಾರ್. ಹಿಂದಿ, ಉರ್ದುಗಳಲ್ಲಿ ಅದು ಜಾಣ, ಜಾಗರೂಕ ಎಂಬ ಅರ್ಥದಲ್ಲಿಯೇ ಬಳಕೆಯಲ್ಲಿದ್ದು, ಮರಾಠಿಯ ‘ಹುಶಾರ್’ ಕೂಡ ಮುಖ್ಯವಾಗಿ ಜಾಣನನ್ನೇ ಸೂಚಿಸುತ್ತದೆ. ತೆಲುಗಿನ ‘ಹುಷಾರು’ ಉತ್ಸಾಹವನ್ನು ಹೇಳುತ್ತದೆ. ಮನಸ್ಸಿನ ಎಚ್ಚರದಿಂದ ಲವಲವಿಕೆಗೆ, ಲವಲವಿಕೆಯಿಂದ ಮೈಯ ಸ್ವಾಸ್ಥ್ಯಕ್ಕೆ ಅರ್ಥ ಹರಡಿತೆಂದು ನಾನು ಭಾವಿಸುತ್ತೇನೆ.

ಉತ್ತರ (ಶ್ರೀರಂಗಪಟ್ಟಣ):
‘ಹುಷಾರು’ ಟಿಪ್ಪುವಿನ ಕಾಲದಲ್ಲಿ ಕನ್ನಡಕ್ಕೆ ಬಂತೆಂದು ಯಾರಾದರೂ ಹೇಳಬಹುದು. ಅವನ ಆಡಳಿತದಲ್ಲಿ ಪಾರಸಿ ಬಳಕೆಯಲ್ಲಿತ್ತು ಎಂಬುದು ನಿಜವಾದರೂ, ಈ ಪದವನ್ನು ಆ ಒಂದು ಕಾಲಕ್ಕೇ ಕಟ್ಟಿಹಾಕುವುದು ಸರಿಯಲ್ಲ. ಬಿಜಾಪುರದ ಸುಲ್ತಾನರ ಕಾಲದಲ್ಲಿಯೂ ಕನ್ನಡಕ್ಕೆ ಪಾರಸಿಯ ಸಂಪರ್ಕವಿತ್ತು. ಉತ್ತರ ಕರ್ನಾಟಕದ ‘ಆರಾಮಿಲ್ಲ’ ಸಹ ಪಾರಸಿಯದೇ. ಕರಾವಳಿಯ ‘ಸೌಖ್ಯವಿಲ್ಲ’ ಸಂಸ್ಕೃತದ್ದು.

ಉತ್ತರ (ಮೈಸೂರು):
ಲವಲವಿಕೆಯಿಂದ ಸ್ವಾಸ್ಥ್ಯಕ್ಕೆ ಎಂಬ ಮೇಲಿನ ಊಹೆಗೆ, ಕಾಯಿಲೆ ಎಂಬ ಅರ್ಥದ ‘ಜಡ್ಡು’ ಪದ ಬಲ ಕೊಡುತ್ತದೆ. ಅದು ‘ಜಾಡ್ಯ’ದ ತದ್ಭವ, ಅಂದರೆ ಜಡತ್ವ, ಮಂದತನ. ಕಾಯಿಲೆಯನ್ನು ಮಂದತನವೆಂದು ಕಂಡ ಜನರಿಗೆ, ಚುರುಕನ್ನು ಹೇಳುವ ಪದವನ್ನು ಆರೋಗ್ಯಕ್ಕೆ ಒಗ್ಗಿಸಿಕೊಳ್ಳುವುದು ಸಹಜವೇ ಆಗಿತ್ತು.