ಸಹಾಯ ಬೇಕು: ಡಿ.ಸಿ. ಮದ್ಯ ಲೈಸೆನ್ಸ್ ಮಂಡಳಿ ನೇಮಕಕ್ಕೆ ಬೆಂಬಲ ಪತ್ರ

ವಾಷಿಂಗ್ಟನ್ ಡಿ.ಸಿ. ಒಳಗೇ ವಾಸಿಸುವ ಕನ್ನಡಿಗರ ಗಮನಕ್ಕೆ. ನಮ್ಮ ಬಡಾವಣೆ ಸಂಘದ ಅಧ್ಯಕ್ಷೆಯವರ ಹೆಸರು ಮದ್ಯ ಮತ್ತು ಗಾಂಜಾ ಮಂಡಳಿಗೆ ಹೋಗಿದೆ. 7 ಸದಸ್ಯರು, 4 ವರ್ಷದ ಅವಧಿ. ಮೇಯರ್ ಸೂಚಿಸಿದರೂ ನಗರ ಕೌನ್ಸಿಲ್ ಒಪ್ಪಬೇಕು. ಕೌನ್ಸಿಲ್ ನಡೆಸುವ ವಿಚಾರಣೆಗೆ ಮೊದಲು ನಿಮ್ಮ ಪತ್ರ ಬೇಕು.

ಒಂದೇ ಮಾದರಿ ನಕಲು ಮಾಡಬೇಡಿ. ಇಪ್ಪತ್ತು ಬಂದರೂ ಓದುವವರಿಗೆ ಅದು ಒಂದೇ ಪತ್ರ. ಈ ನೇಮಕಕ್ಕಾಗಿ ಕೌನ್ಸಿಲ್ ಮುಂದಿರುವ ನಿರ್ಣಯದ ಸಂಖ್ಯೆ, ನಿಮ್ಮ ವಾರ್ಡ್, ಅವರು ಮಾಡಿದ ಒಂದು ನಿರ್ದಿಷ್ಟ ಕೆಲಸ ಬರೆಯಿರಿ: ಸಂಗೀತ ಎಷ್ಟು ಗಂಟೆಗೆ ನಿಲ್ಲಬೇಕು, ಕಸ ಯಾವಾಗ ಹೊರಗಿಡಬೇಕು ಎಂದು ಬಾರ್ ಮಾಲೀಕರೊಂದಿಗೆ ಮಾಡಿಸಿದ ಒಪ್ಪಂದದಂಥದ್ದು. ‘ಬಾರ್‌ಗಳನ್ನು ಮುಚ್ಚಿಸುತ್ತಾರೆ’ ಎಂದು ಹೊಗಳಿದಿರೋ, ಕೆಟ್ಟಿತು! ಎರಡೂ ಕಡೆ ಕೇಳಿ ತೀರ್ಪು ಕೊಡುವ ಮಂಡಳಿಯಲ್ಲಿ ಪೂರ್ವಗ್ರಹವೇ ದೊಡ್ಡ ಆಕ್ಷೇಪಣೆ. ಬಾಕಿಯಿರುವ ಲೈಸೆನ್ಸ್ ಅರ್ಜಿಗಳ ಸುದ್ದಿಯೂ ಬೇಡ.

ಮೇರಿಲ್ಯಾಂಡ್, ವರ್ಜೀನಿಯಾದವರ ಪತ್ರಕ್ಕೆ ತೂಕ ಕಡಿಮೆ, ಡಿ.ಸಿ.ಯಲ್ಲಿ ಹೋಟೆಲ್ ನಡೆಸುವವರಾದರೆ ಖಂಡಿತ ಬರೆಯಿರಿ. ಖುದ್ದಾಗಿ ಮಾತಾಡುವವರು ಹೆಸರು ಮೊದಲೇ ನೋಂದಾಯಿಸಬೇಕು.